ಚಿತ್ರದಲ್ಲಿದ್ದ ಕೀಟ ಮಿಶ್ರತಳಿಯಲ್ಲ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಕಳೆದ ಭಾನುವಾರದ ವಿಜ್ಞಾನ ಪುಟದಲ್ಲಿ, ಉತ್ತರ ಅಮೆರಿಕದಲ್ಲಿ ತೆಗೆದದ್ದೆಂಬ ಟಿಪ್ಪಣಿಯೊಂದಿಗೆ, ಹೂವಿನ ಮೇಲೆ ಕುಳಿತ ಕೀಟವೊಂದರ ವರ್ಣಚಿತ್ರ ಪ್ರಕಟವಾಗಿತ್ತು. ಚಿತ್ರ ಬಹಳ ಸ್ಪಷ್ಟವಾಗಿತ್ತು. ರೆಕ್ಕೆಯ ಒಂದೊಂದು ನರವನ್ನೂ ಎಣಿಸಬಹುದಾಗಿತ್ತು. ಆದರೆ ಅದರ ಅಡಿಬರಹ ಆ ಕೀಟವನ್ನು ಕಣಜಕ್ಕೂ ಸೂರ್ಯನ ಕುದುರೆಗೂ ಹುಟ್ಟಿದ ಮಿಶ್ರತಳಿ ಎಂದು ಕರೆದಿತ್ತು, ಮೈಮೇಲಿನ ಪಟ್ಟೆ ಮತ್ತು ಉದ್ದದಿಂದ ಅದನ್ನು ಗುರುತಿಸಬಹುದೆಂದು ಹೇಳಿತ್ತು, ಅದು ಕುಟುಕುತ್ತದೆಂದೂ ಎಚ್ಚರಿಸಿತ್ತು. ಈ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ. ತಪ್ಪು ತೋರಿಸುವುದಷ್ಟೇ ನನ್ನ ಉದ್ದೇಶವಾಗಿದ್ದರೆ ಎರಡು ಸಾಲು ಸಾಕಾಗುತ್ತಿತ್ತು. ಬಣ್ಣ ಮತ್ತು ಗಾತ್ರ ನೋಡಿ ಈ ಕೀಟವನ್ನು ಗುರುತಿಸಲು ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆಗೆ ಉತ್ತರ ಅದರ ಜೀವನಚಕ್ರದಲ್ಲೇ ಅಡಗಿರುವುದರಿಂದ, ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಚಿತ್ರದಲ್ಲಿದ್ದುದು ಕ್ಲೈಮೇಸಿಯೆಲ್ಲ ಬ್ರುನಿಯ ಎಂಬ ಪ್ರಭೇದ. ಇದನ್ನು 1824ರಲ್ಲಿ ಅಮೆರಿಕದ ಕೀಟಶಾಸ್ತ್ರಜ್ಞ ಥಾಮಸ್ ಸೇ ಮೊದಲು ವರ್ಣಿಸಿದರು. ಕೆನಡದ ದಕ್ಷಿಣ ಭಾಗದಿಂದ ಮಧ್ಯ ಅಮೆರಿಕದವರೆಗೆ ಇದು ಕಾಣಸಿಗುತ್ತದೆ. ಇದರ ಕುಟುಂಬ ಮ್ಯಾಂಟಿಸ್ಪಿಡೇ. ಪ್ರಪಂಚದ ಬೆಚ್ಚಗಿನ ಭಾಗಗಳಲ್ಲೆಲ್ಲ ಹರಡಿರುವ ಈ ಕುಟುಂಬದಲ್ಲಿ ಸುಮಾರು 400 ಪ್ರಭೇದಗಳಿವೆ. ಇಂಗ್ಲಿಷಿನಲ್ಲಿ ಇವಕ್ಕೆ ಮ್ಯಾಂಟಿಡ್‌ಫ್ಲೈ ಎನ್ನುತ್ತಾರೆ. ಆ ಹೆಸರೂ ದಾರಿ ತಪ್ಪಿಸುವಂಥದ್ದೇ, ಏಕೆಂದರೆ ಇದು ಮ್ಯಾಂಟಿಡ್ ಎನ್ನಿಸಿಕೊಳ್ಳುವ ಸೂರ್ಯನ ಕುದುರೆಯೂ ಅಲ್ಲ, ನೊಣವೂ ಅಲ್ಲ. ಹಾಗಾಗಿ ಈ ಪತ್ರದಲ್ಲಿ ನಾನು ಮ್ಯಾಂಟಿಸ್ಪಿಡ್ ಎಂಬ ಪದವನ್ನೇ ಬಳಸುತ್ತೇನೆ. ಇದು ಸೇರಿರುವ ಗಣ ನ್ಯೂರಾಪ್ಟೆರ. ಎಲೆಗಳ ಮೇಲೆ ಸಸ್ಯಹೇನುಗಳನ್ನು ತಿನ್ನುವ ಹಸಿರು ಲೇಸ್‌ವಿಂಗ್ ಕೀಟಗಳೂ, ಸಡಿಲ ಮಣ್ಣಿನಲ್ಲಿ ಆಲಿಕೆಯಂಥ ಗುಂಡಿ ತೋಡಿ ಇರುವೆ ಜಾರಿ ಬೀಳುವುದನ್ನೇ ಕಾಯುವ ಆಂಟ್‌ಲಯನ್ ಹುಳುಗಳೂ ಇದೇ ಗಣದ ಸದಸ್ಯರು, ಅಂದರೆ ಮ್ಯಾಂಟಿಸ್ಪಿಡ್‌ನ ನಿಜವಾದ ಬಂಧುಗಳು.

ಮಿಶ್ರತಳಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಸೂರ್ಯನ ಕುದುರೆ ಜಿರಲೆ ಮತ್ತು ಗೆದ್ದಲುಗಳ ಹತ್ತಿರದ ಸಂಬಂಧಿ. ಕಣಜ ಜೇನುನೊಣ ಮತ್ತು ಇರುವೆಗಳ ಸಂಬಂಧಿ. ಈ ಎರಡು ವಂಶಗಳು ಕವಲೊಡೆದು 30 ಕೋಟಿ ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ಅವುಗಳ ನಡುವೆ ಸಂತಾನವಾಗುವುದು ಯಾವ ರೀತಿಯಿಂದಲೂ ಸಾಧ್ಯವಿಲ್ಲ. ಬೇಟೆಯನ್ನು ಹಿಡಿಯಲು ಮುಂಗಾಲುಗಳನ್ನು ಮಡಿಚಿ ಚಾಚುವ ವಿಧಾನ ಸೂರ್ಯನ ಕುದುರೆಯಲ್ಲಿ ಒಂದು ಬಾರಿ, ಮ್ಯಾಂಟಿಸ್ಪಿಡ್‌ನ ವಂಶದಲ್ಲಿ ಇನ್ನೊಂದು ಬಾರಿ, ಬೇರೆ ಬೇರೆಯಾಗಿ ವಿಕಾಸಗೊಂಡಿದೆ. ಕೆಲಸ ಒಂದೇ ಆದ್ದರಿಂದ ಹತ್ಯಾರದ ಆಕಾರವೂ ಒಂದೇ ಆಯಿತು ಎಂದಷ್ಟೇ ಇದರ ಅರ್ಥ.

ಇನ್ನು ಗುರುತಿಸುವ ವಿಷಯ. ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡುವ ಓದುಗರು ಮೊದಲು ರೆಕ್ಕೆಯನ್ನು ನೋಡಬೇಕು. ಸೂರ್ಯನ ಕುದುರೆಯ ಮುಂದಿನ ಜೋಡಿ ರೆಕ್ಕೆ ತೊಗಲಿನಂತೆ ಗಡುಸಾಗಿದ್ದು ಬೆನ್ನಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ. ಅದರಡಿಯಲ್ಲಿ ಹಿಂದಿನ ಜೋಡಿ ಬೀಸಣಿಗೆಯಂತೆ ಮಡಚಿಕೊಂಡಿರುತ್ತದೆ. ಮ್ಯಾಂಟಿಸ್ಪಿಡ್‌ನ ನಾಲ್ಕೂ ರೆಕ್ಕೆಗಳು ತೆಳುವಾದ ಪೊರೆಗಳು, ಹೆಚ್ಚುಕಡಿಮೆ ಒಂದೇ ಅಳತೆಯವು, ಅಡ್ಡ ಉದ್ದ ನರಗಳಿಂದ ಬಲೆಯಂತೆ ಹೆಣೆದವು, ಮತ್ತು ಕುಳಿತಾಗ ಅವು ಮನೆಯ ಇಳಿಜಾರು ಮಾಡಿನಂತೆ ಎರಡೂ ಬದಿಗೆ ಇಳಿದಿರುತ್ತವೆ. ಎರಡನೆಯದಾಗಿ ಎದೆಯ ಮೊದಲ ಖಂಡವನ್ನು ನೋಡಬೇಕು. ಅದು ಉದ್ದವಾದ ಕೊಳವೆಯಂತಿದ್ದು ಕುತ್ತಿಗೆಯೇನೋ ಎನ್ನಿಸುತ್ತದೆ, ಮತ್ತು ಆ ಕೊಳವೆಯ ತೀರಾ ಮುಂದಿನ ತುದಿಯಲ್ಲಿ, ತಲೆಗೆ ಅಂಟಿಕೊಂಡಂತೆ, ಮುಂಗಾಲುಗಳು ಹೊರಡುತ್ತವೆ. ಕಣಜದಿಂದ ಇದನ್ನು ಬೇರ್ಪಡಿಸುವುದು ಇನ್ನೂ ಸುಲಭ: ಕಣಜಕ್ಕೆ ಮುಳ್ಳಿನ ಸಾಲುಳ್ಳ ಇಂಥ ಮಡಿಚುಗಾಲು ಇರುವುದೇ ಇಲ್ಲ, ಅದರ ಹಿಂದಿನ ರೆಕ್ಕೆಗಳು ಮುಂದಿನವಕ್ಕಿಂತ ಸ್ಪಷ್ಟವಾಗಿ ಚಿಕ್ಕವು, ನರಗಳೂ ಬಹಳ ಕಡಿಮೆ. ಇಷ್ಟು ನೋಡಿದರೆ ಕುಟುಂಬದ ಮಟ್ಟಿಗೆ ಸಂಶಯ ಉಳಿಯುವುದಿಲ್ಲ. ಪ್ರಭೇದವನ್ನು ನಿಶ್ಚಯಿಸುವುದು ಬೇರೆಯೇ ಕೆಲಸ. ಅಲ್ಲಿ ತಜ್ಞರು ರೆಕ್ಕೆಯ ನರಗಳ ವಿನ್ಯಾಸವನ್ನೂ ಗಂಡಿನ ಉದರದ ತುದಿಯ ರಚನೆಯನ್ನೂ ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ.

ಬಣ್ಣವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಕ್ಲೈಮೇಸಿಯೆಲ್ಲ ಬ್ರುನಿಯ ಕಣಜದ ವೇಷ ಹಾಕಿರುವ ಕೀಟ. ಪೊಲಿಸ್ಟಿಸ್ ಎಂಬ ಕುಲಕ್ಕೆ ಸೇರಿದ, ಕಾಗದದಂಥ ಗೂಡು ಕಟ್ಟುವ ಕಣಜಗಳನ್ನು ಅದು ಅನುಕರಿಸುತ್ತದೆ. ಒಂದೊಂದು ಪ್ರದೇಶದಲ್ಲಿ ಒಂದೊಂದು ಬಗೆಯ ಕಣಜ ಇರುವುದರಿಂದ ಈ ಒಂದೇ ಪ್ರಭೇದದಲ್ಲಿ ಹಲವು ಬಣ್ಣದ ರೂಪಗಳಿವೆ: ಕೆಲವು ಕಂದು ಮೈಯ ಮೇಲೆ ಹಳದಿ ಪಟ್ಟೆಯವು, ಕೆಲವು ಕೆಂಗಂದು, ಕೆಲವು ಬಹುತೇಕ ಕಪ್ಪು. ಬಣ್ಣವನ್ನೇ ನೆಚ್ಚಿಕೊಂಡವರು ಒಂದು ಪ್ರಭೇದವನ್ನು ನಾಲ್ಕೈದು ಎಂದು ಎಣಿಸಿಬಿಡುವ ಅಪಾಯವಿದೆ. ಈ ವೇಷದಲ್ಲಿ ನನಗೆ ಅತ್ಯಂತ ಸೊಗಸೆನಿಸುವ ಅಂಶವೊಂದನ್ನು ಇಲ್ಲಿ ಹೇಳಲೇಬೇಕು. ಪೊಲಿಸ್ಟಿಸ್ ಕಣಜ ಕುಳಿತಾಗ ತನ್ನ ಮುಂದಿನ ರೆಕ್ಕೆಯನ್ನು ಉದ್ದಕ್ಕೆ ಮಡಚಿಕೊಳ್ಳುತ್ತದೆ, ಹಾಗಾಗಿ ಅದು ಕಿರಿದಾದ ಕಂದು ಪಟ್ಟಿಯಂತೆ ಕಾಣುತ್ತದೆ. ಮ್ಯಾಂಟಿಸ್ಪಿಡ್‌ಗೆ ಹಾಗೆ ಮಡಚಲು ಬರುವುದಿಲ್ಲ. ಅದರ ಬದಲಿಗೆ ಅದರ ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಗಾಢ ಕಂದು ಪಟ್ಟಿ ಇದ್ದು, ಉಳಿದ ಭಾಗವೆಲ್ಲ ಗಾಜಿನಂತೆ ಪಾರದರ್ಶಕವಾಗಿದೆ. ದೂರದಿಂದ ನೋಡುವ ಹಕ್ಕಿಗೆ ಪಾರದರ್ಶಕ ಭಾಗ ಕಾಣುವುದಿಲ್ಲ, ಪಟ್ಟಿ ಮಾತ್ರ ಕಾಣುತ್ತದೆ, ಅಂದರೆ ಮಡಚಿದ ರೆಕ್ಕೆಯ ಕಣಜವೇ ಕಂಡಂತಾಗುತ್ತದೆ. ತಮ್ಮ ಪತ್ರಿಕೆಯ ಚಿತ್ರದಲ್ಲಿ ಈ ಪಟ್ಟಿ ಎದ್ದು ಕಾಣುತ್ತಿತ್ತು.

ನಿರಪಾಯಕಾರಿ ಜೀವಿ ಅಪಾಯಕಾರಿ ಜೀವಿಯ ರೂಪ ಧರಿಸಿ ಬದುಕುಳಿಯುವ ಈ ಬಗೆಗೆ, ಅಮೆಜಾನ್ ಕಾಡುಗಳ ಚಿಟ್ಟೆಗಳನ್ನು ಅಧ್ಯಯನ ಮಾಡಿ 1862ರಲ್ಲಿ ಇದನ್ನು ವಿವರಿಸಿದ ಹೆನ್ರಿ ವಾಲ್ಟರ್ ಬೇಟ್ಸ್ ಅವರ ನೆನಪಿಗಾಗಿ ಬೇಟ್ಸ್ ಅನುಕರಣೆ ಎಂದು ಹೆಸರು. ಮ್ಯಾಂಟಿಸ್ಪಿಡ್ ಬಣ್ಣದಲ್ಲಷ್ಟೇ ಅಲ್ಲ, ನಡವಳಿಕೆಯಲ್ಲೂ ಕಣಜವನ್ನು ನಕಲು ಮಾಡುತ್ತದೆ: ಕೆಣಕಿದರೆ ಉದರವನ್ನು ಬಾಗಿಸಿ ಕುಟುಕುವ ಭಂಗಿ ತೋರಿಸುತ್ತದೆ. ಆದರೆ ಅದಕ್ಕೆ ಕೊಂಡಿಯೇ ಇಲ್ಲ, ವಿಷವೂ ಇಲ್ಲ. ಅಡಿಬರಹ ಬರೆದವರು ಆ ಹಕ್ಕಿಯಂತೆಯೇ ಮೋಸ ಹೋಗಿದ್ದಾರೆ ಎಂಬುದರಲ್ಲಿ ಅಚ್ಚರಿಯಿಲ್ಲ. ಎಷ್ಟೋ ಲಕ್ಷ ವರ್ಷಗಳಿಂದ ಆ ವೇಷ ತಿದ್ದಿಕೊಳ್ಳುತ್ತ ಬಂದಿರುವುದೇ ನೋಡುವ ಕಣ್ಣಿಗೆ ಮೋಸ ಮಾಡಲೆಂದು.

ಈಗ ಗಾತ್ರಕ್ಕೆ ಬರುತ್ತೇನೆ. ಒಂದೇ ಪ್ರಭೇದದ ಎರಡು ಪ್ರೌಢ ಮ್ಯಾಂಟಿಸ್ಪಿಡ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿರಬಹುದು, ಮತ್ತು ಚಿಕ್ಕದು ಮರಿಯೇನೂ ಆಗಿರುವುದಿಲ್ಲ. ರೆಕ್ಕೆ ಬಂದ ಮೇಲೆ ಕೀಟ ಬೆಳೆಯುವುದಿಲ್ಲ. ಅದರ ಗಾತ್ರ ನಿಶ್ಚಯವಾಗುವುದು ಅದು ಹುಳುವಾಗಿದ್ದಾಗ ಎಷ್ಟು ತಿಂದಿತು ಎಂಬುದರ ಮೇಲೆ. ಮತ್ತು ಅದು ತಿನ್ನುವುದು ಒಂದೇ ಒಂದು ಜೇಡ ಒಂದೇ ಒಂದು ಚೀಲದಲ್ಲಿ ಇಟ್ಟ ಮೊಟ್ಟೆಗಳನ್ನು. ಚೀಲದಲ್ಲಿ ಮೊಟ್ಟೆ ಹೆಚ್ಚಿದ್ದರೆ ಕೀಟ ದೊಡ್ಡದು, ಕಡಿಮೆಯಿದ್ದರೆ ಸಣ್ಣದು. ಬೇರೆಡೆ ಹೋಗಿ ಇನ್ನಷ್ಟು ತಿನ್ನುವ ಅವಕಾಶ ಅದಕ್ಕಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲಿನಿಂದ ಶುರುಮಾಡಬೇಕು.

ಹೆಣ್ಣು ಮ್ಯಾಂಟಿಸ್ಪಿಡ್ ಎಲೆಯಂಥ ಜಾಗಗಳಲ್ಲಿ ಒತ್ತೊತ್ತಾಗಿ ಮೊಟ್ಟೆಗಳನ್ನಿಡುತ್ತದೆ. ಪ್ರತಿಯೊಂದು ಮೊಟ್ಟೆಯೂ ಕೂದಲಿನಷ್ಟು ತೆಳುವಾದ ಗಿಡ್ಡ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ. ಹಸಿರು ಲೇಸ್‌ವಿಂಗ್‌ಗಳ ಮೊಟ್ಟೆಗೂ ಇಂಥದೇ ತೊಟ್ಟು ಇರುವುದರಿಂದ, ಇವೆರಡರ ನಂಟು ಇಲ್ಲೂ ಕಾಣಸಿಗುತ್ತದೆ. (ಸೂರ್ಯನ ಕುದುರೆಯಾದರೋ ನೊರೆಯನ್ನು ಸುರಿಸಿ, ಅದು ಗಟ್ಟಿಯಾದಾಗ ಆಗುವ ಒಂದು ಕೋಶದೊಳಗೆ ಮೊಟ್ಟೆಗಳನ್ನು ಸಾಲಾಗಿ ಇಡುತ್ತದೆ, ಅದರಿಂದ ಹೊರಬರುವ ಮರಿಗಳು ರೆಕ್ಕೆಯಿಲ್ಲದ ಪುಟ್ಟ ಸೂರ್ಯನ ಕುದುರೆಗಳೇ.) ಮ್ಯಾಂಟಿಸ್ಪಿಡ್ ಇಡುವ ಮೊಟ್ಟೆಗಳ ಸಂಖ್ಯೆ ನೂರಾರು, ಎಷ್ಟೋ ಬಾರಿ ಸಾವಿರಕ್ಕೂ ಮೀರುತ್ತದೆ. ಅಷ್ಟೊಂದು ಏಕೆಂಬುದು ಮುಂದಿನ ಹಂತವನ್ನು ನೋಡಿದಾಗ ತಾನಾಗಿ ತಿಳಿಯುತ್ತದೆ. ಮೊಟ್ಟೆಯೊಡೆದು ಬರುವ ಹುಳು ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ಚುರುಕು ಕಾಲುಗಳದ್ದು, ನೀಳವಾದದ್ದು. ಅದು ಊಟಕ್ಕಾಗಿ ಜೇಡವನ್ನು ತಲುಪಬೇಕು. ತಲುಪದಿದ್ದರೆ ಸಾಯುತ್ತದೆ, ಬಹುಪಾಲು ಹುಳುಗಳು ಹಾಗೆ ಸಾಯುತ್ತವೆ.

ತಲುಪಲು ಎರಡು ಮಾರ್ಗಗಳಿವೆ. ಕೆಲವು ಪ್ರಭೇದಗಳ ಹುಳುಗಳು ಜೇಡ ಈಗಾಗಲೇ ನೇಯ್ದಿಟ್ಟ ಮೊಟ್ಟೆಚೀಲವನ್ನು ತಾವೇ ಹುಡುಕಿಕೊಂಡು ಹೋಗಿ, ರೇಷ್ಮೆಯ ಗೋಡೆಯನ್ನು ಕೊರೆದು ಒಳನುಗ್ಗುತ್ತವೆ. ಇನ್ನು ಕೆಲವು ಹಾಗಲ್ಲ, ಜೇಡದ ಮೈಯನ್ನೇ ಏರುತ್ತವೆ. ಕ್ಲೈಮೇಸಿಯೆಲ್ಲ ಬ್ರುನಿಯಕ್ಕೆ ಎರಡನೆಯ ಮಾರ್ಗವೊಂದೇ ಗತಿ ಎಂಬುದನ್ನು ಅಮೆರಿಕದ ಸಂಶೋಧಕರಾದ ಕರ್ಟ್ ರೆಡ್‌ಬೋರ್ಗ್ ಮತ್ತು ಎಲ್ಲಿಸ್ ಮ್ಯಾಕ್ಲಿಯಡ್ 1983ರಲ್ಲಿ ತೋರಿಸಿಕೊಟ್ಟರು. ಅದು ಹತ್ತುವುದು ಬಲೆ ನೇಯದೆ ನೆಲದ ಮೇಲೆ ಓಡಾಡಿ ಬೇಟೆಯಾಡುವ ತೋಳ ಜೇಡಗಳನ್ನು. ಹುಳು ತನ್ನ ದೇಹದ ಹಿಂತುದಿಯನ್ನು ನೆಲಕ್ಕೆ ಅಂಟಿಸಿ, ಉಳಿದ ಮೈಯನ್ನು ಮೇಲೆತ್ತಿ ನಿಂತು ಕಾಯುತ್ತದೆ. ಪಕ್ಕದಲ್ಲಿ ಹಾದುಹೋಗುವ ಜೇಡದ ಕಾಲು ತಾಗಿದೊಡನೆ ಹಿಡಿದುಕೊಂಡು ಮೇಲೇರುತ್ತದೆ.

ಏರಿದ ಮೇಲೆ ಅದು ನೆಲೆಸುವ ಜಾಗವನ್ನು ಗಮನಿಸಬೇಕು. ಜೇಡದ ಮುಂಭಾಗ ಮತ್ತು ಉದರ ಸೇರುವಲ್ಲಿ ಒಂದು ಸಪೂರ ನಡುವಿದೆ. ಜೇಡದ ಕಾಲುಗಳಿಗೂ ಬಾಯಿಗೂ ಸುಲಭವಾಗಿ ಎಟುಕದ ಜಾಗ ಅದು. ಮ್ಯಾಂಟಿಸ್ಪಿಡ್ ಹುಳುಗಳು ಸಾಮಾನ್ಯವಾಗಿ ಆ ನಡುವಿಗೆ ಸುತ್ತಿಕೊಂಡಂತೆ ಅಂಟಿರುತ್ತವೆ. ಕೆಲವು ಪ್ರಭೇದಗಳ ಹುಳುಗಳು ಜೇಡದ ಉದರದಡಿಯಲ್ಲಿ ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಶ್ವಾಸಾಂಗದೊಳಗೂ ಹೊಕ್ಕು ಕೂರುತ್ತವೆ. ಅಲ್ಲಿದ್ದುಕೊಂಡು ಅವು ಜೇಡದ ರಕ್ತವನ್ನು ಹೀರಿ ಜೀವ ಹಿಡಿದುಕೊಂಡಿರಬಲ್ಲವು, ಒಂದಿಡೀ ಚಳಿಗಾಲವನ್ನು ಹಾಗೆಯೇ ಕಳೆಯಬಲ್ಲವು. ಏರಿದ್ದು ಇನ್ನೂ ಬೆಳೆಯುತ್ತಿರುವ ಜೇಡವಾದರೆ ಅದು ಪೊರೆ ಕಳಚುವಾಗಲೆಲ್ಲ ಹಳೆಯ ಪೊರೆಯೊಂದಿಗೆ ತಾನೂ ಬಿದ್ದುಹೋಗದಂತೆ ನೋಡಿಕೊಳ್ಳಬೇಕು. ಏರಿದ್ದು ಗಂಡು ಜೇಡವಾದರೆ ಮೊಟ್ಟೆಯೇ ಇಲ್ಲ. ಆದರೂ ಎಲ್ಲವೂ ಮುಗಿದಂತಲ್ಲ, ಏಕೆಂದರೆ ಜೇಡಗಳು ಕೂಡುವ ಹೊತ್ತಿನಲ್ಲಿ ಹುಳು ಗಂಡಿನ ಮೈಯಿಂದ ಹೆಣ್ಣಿನ ಮೈಗೆ ದಾಟಿಕೊಳ್ಳಬಲ್ಲದು. ಗಂಡನ್ನು ಹೆಣ್ಣು ತಿಂದುಹಾಕುವ ಸಂದರ್ಭದಲ್ಲೂ ಹೀಗೆ ದಾಟುವುದುಂಟು. ಸಾಸಿವೆಗಿಂತ ಸಣ್ಣ ಜೀವವೊಂದು ಇಷ್ಟೆಲ್ಲ ಆಕಸ್ಮಿಕಗಳನ್ನು ಹಾದು ಸರಿಯಾದ ಜೇಡದ ಸರಿಯಾದ ಜಾಗವನ್ನು ಸೇರುತ್ತದೆಂಬುದನ್ನು ಮೊದಲ ಬಾರಿ ಓದಿದಾಗ ನನಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ತಾಯಿ ಜೇಡ ಮೊಟ್ಟೆಯಿಡಲು ರೇಷ್ಮೆ ನೇಯತೊಡಗಿದಾಗ ಹುಳುವಿನ ಕಾಯುವಿಕೆ ಮುಗಿಯುತ್ತದೆ. ಚೀಲ ಇನ್ನೂ ಸಿದ್ಧವಾಗುತ್ತಿರುವಾಗಲೇ ಅದು ಜೇಡದ ಮೈಯಿಂದ ಇಳಿದು ಒಳಗೆ ಸೇರಿಕೊಳ್ಳುತ್ತದೆ, ಮತ್ತು ಜೇಡ ತನ್ನ ಕೈಯಾರೆ ಅದನ್ನು ಒಳಗಿಟ್ಟು ಮುಚ್ಚಿಬಿಡುತ್ತದೆ. ತೋಳ ಜೇಡ ಆ ಚೀಲವನ್ನು ಉದರದ ತುದಿಗೆ ಕಟ್ಟಿಕೊಂಡು ಹೋದಲ್ಲೆಲ್ಲ ಹೊತ್ತು ತಿರುಗುತ್ತದೆ, ಯಾರಾದರೂ ಕಿತ್ತುಕೊಳ್ಳಲು ಬಂದರೆ ಬಿಡದೆ ಹೋರಾಡುತ್ತದೆ. ಅದು ಕಾಯುತ್ತಿರುವುದು ತನ್ನ ಮಕ್ಕಳನ್ನು ತಿನ್ನುತ್ತಿರುವ ಹುಳುವನ್ನು. ಒಳಗೆ ಹುಳು ತನ್ನ ಮೇಲ್ದವಡೆ ಮತ್ತು ಕೆಳದವಡೆಗಳು ಸೇರಿ ಆಗುವ ಸೂಜಿಯಂಥ ನಳಿಕೆಯನ್ನು ಒಂದೊಂದೇ ಮೊಟ್ಟೆಗೆ ಚುಚ್ಚಿ ರಸ ಹೀರುತ್ತ ಹೋಗುತ್ತದೆ. ಆದರೆ ಅದಕ್ಕೊಂದು ತೊಡಕಿದೆ: ಮೊಟ್ಟೆಗಳು ಕಾಯುತ್ತ ಕೂರುವುದಿಲ್ಲ, ದಿನ ಕಳೆದಂತೆ ಅವು ಮರಿಗಳಾಗುತ್ತವೆ, ಮತ್ತು ಮರಿಯಾದ ಮೇಲೆ ಅವನ್ನು ಹೀರುವುದು ಹುಳುವಿನಿಂದಾಗದು. ರೆಡ್‌ಬೋರ್ಗ್ ಅವರು ಮ್ಯಾಂಟಿಸ್ಪ ಉಲರಿ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ ಪ್ರಭೇದದಲ್ಲಿ ಇದಕ್ಕೂ ಪರಿಹಾರ ಕಂಡರು. ಹುಳು ಇರುವ ಚೀಲದಲ್ಲಿ ಮೊಟ್ಟೆಗಳ ಬೆಳವಣಿಗೆಯೇ ನಿಂತುಹೋಗುತ್ತಿತ್ತು. ಹುಳು ಹೊರಸೂಸುವ ಯಾವುದೋ ರಾಸಾಯನಿಕ ಹೀಗೆ ಮಾಡುತ್ತದೆಂಬ ತೀರ್ಮಾನಕ್ಕೆ ಅವರು ಬಂದರು. ಅಂದರೆ ಹುಳು ತನ್ನ ಆಹಾರವನ್ನು ತಿನ್ನುವುದಷ್ಟೇ ಅಲ್ಲ, ಕೆಡದಂತೆ, ಕೈಮೀರಿ ಬೆಳೆಯದಂತೆ ಕಾದಿಡುತ್ತದೆ.

ಚೀಲದೊಳಗೆ ಸೇರಿದ ಮೇಲೆ ಓಡಾಟದ ಕೆಲಸವಿಲ್ಲವಾದ್ದರಿಂದ ಹುಳುವಿನ ರೂಪವೇ ಬದಲಾಗುತ್ತದೆ. ಪೊರೆ ಕಳಚಿ ಎರಡನೆಯ ಮತ್ತು ಮೂರನೆಯ ಹಂತಕ್ಕೆ ಬಂದಾಗ ಅದು ಗಿಡ್ಡ ಕಾಲುಗಳ, ಬಿಳಿಚಿಕೊಂಡ, ಉಬ್ಬಿದ ಹುಳು. ಮೊದಲ ಹಂತದ ಚುರುಕು ಜೀವಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜೀವಿಯೆಂದು ಹೇಳುವವರು ಕಡಿಮೆ. ಹುಳುವಿನ ಅವಸ್ಥೆಯಲ್ಲೇ ಹೀಗೆ ಎರಡು ಬೇರೆ ರೂಪಗಳಿರುವುದನ್ನು ಅತಿರೂಪಾಂತರ ಎನ್ನುತ್ತಾರೆ. ಮೊಟ್ಟೆಗಳು ಮುಗಿದ ಮೇಲೆ ಅದು ಜೇಡದ ಚೀಲದೊಳಗೇ ತನ್ನದೊಂದು ಗೂಡು ನೇಯ್ದುಕೊಳ್ಳುತ್ತದೆ. ರೇಷ್ಮೆಹುಳು ನೂಲನ್ನು ಬಾಯಿಯಿಂದ ಹೊರಡಿಸಿದರೆ, ಇದು ಗುದದ್ವಾರದಿಂದ ಹೊರಡಿಸುತ್ತದೆ. ಬೇರೆ ಕೀಟಗಳಲ್ಲಿ ವಿಸರ್ಜನೆಯ ಕೆಲಸ ಮಾಡುವ ಮಾಲ್ಪೀಘಿಯನ್ ನಾಳಗಳೇ ಇಲ್ಲಿ ರೇಷ್ಮೆಯನ್ನು ಉತ್ಪಾದಿಸುತ್ತವೆ. ಆ ಗೂಡಿನಲ್ಲಿ ಅದು ಕೋಶಾವಸ್ಥೆಗೆ ಹೋಗುತ್ತದೆ. ಕಾಲ ಕೂಡಿಬಂದಾಗ ಕೋಶದ ಚರ್ಮವನ್ನು ಇನ್ನೂ ತೊಟ್ಟುಕೊಂಡೇ ದವಡೆಯಿಂದ ಗೂಡನ್ನೂ ಚೀಲವನ್ನೂ ಕತ್ತರಿಸಿ ಹೊರಗೆ ನಡೆದುಬಂದು, ಹಿಡಿದುಕೊಳ್ಳಲು ಆಸರೆ ಸಿಕ್ಕ ಮೇಲೆ ಆ ಕೊನೆಯ ಪೊರೆಯನ್ನು ಕಳಚಿ ರೆಕ್ಕೆ ಬಿಡಿಸುತ್ತದೆ. ಚೀಲದಲ್ಲಿ ಎಷ್ಟು ಮೊಟ್ಟೆಗಳಿದ್ದವೆಂಬುದು ಆ ರೆಕ್ಕೆಯ ಅಳತೆಯಲ್ಲಿ ಈಗ ಬರೆದಿಟ್ಟಂತಿರುತ್ತದೆ. ಆದ್ದರಿಂದಲೇ ಸೆಂಟಿಮೀಟರ್ ಲೆಕ್ಕದಿಂದ ಪ್ರಭೇದವನ್ನು ಹೇಳಬಾರದು.

ಈ ಕಥೆ ಮನುಷ್ಯರಿಗೆ ತಿಳಿದದ್ದು ಒಮ್ಮೆಲೇ ಅಲ್ಲ. ಯುರೋಪಿನಲ್ಲಿ ಸಿಗುವ ಮ್ಯಾಂಟಿಸ್ಪ ಸ್ಟಿರಿಯಾಕ ಎಂಬ ಪ್ರಭೇದಕ್ಕೆ 1761ರಲ್ಲೇ ಹೆಸರಿಟ್ಟಿದ್ದರೂ, ಅದರ ಹುಳು ಏನು ತಿಂದು ಬೆಳೆಯುತ್ತದೆಂಬುದು ಗೊತ್ತಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆಸ್ಟ್ರಿಯದ ಫ್ರೀಡ್ರಿಕ್ ಬ್ರೌವರ್ 1869ರಲ್ಲಿ ಅದರ ಜೀವನಚಕ್ರವನ್ನು ವಿವರಿಸಿ, ಜೇಡದ ಮೊಟ್ಟೆಚೀಲದೊಂದಿಗೆ ಅದರ ನಂಟನ್ನು ಬಯಲಿಗಿಟ್ಟರು. ಆ ನಂಟು ಎಷ್ಟು ಹಳೆಯದೆಂಬುದಕ್ಕೆ ಬಾಲ್ಟಿಕ್ ಪ್ರದೇಶದ ಅಂಬರಿನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ, ಸಾಕ್ಷಿ ಸಿಕ್ಕಿದೆ: ಸುಮಾರು 4.4 ಕೋಟಿ ವರ್ಷ ಹಿಂದಿನ ಒಂದು ಜೇಡ, ಅದರ ನಡುವಿಗೆ ಅಂಟಿಕೊಂಡ ಒಂದು ಮ್ಯಾಂಟಿಸ್ಪಿಡ್ ಹುಳು. ಬರ್ಲಿನ್‌ನ ಮೈಕಲ್ ಓಲ್ 2011ರಲ್ಲಿ ಇದನ್ನು ವರದಿ ಮಾಡಿದರು. ಇಂದಿನ ಹುಳು ಹಿಡಿದುಕೊಳ್ಳುವ ಅದೇ ಜಾಗವನ್ನು ಅಂದಿನದೂ ಹಿಡಿದಿತ್ತು.

ಇಷ್ಟು ದೀರ್ಘವಾಗಿ ಬರೆದದ್ದಕ್ಕೆ ಕಾರಣವಿದೆ. ಚಿತ್ರದ ಕೆಳಗೆ ಬರೆದ ಮಿಶ್ರತಳಿ ಎಂಬ ಒಂದು ಪದ ಓದುಗರಲ್ಲಿ ಕ್ಷಣಕಾಲದ ಬೆರಗು ಹುಟ್ಟಿಸಿ, ಮುಂದೆ ತಿಳಿದುಕೊಳ್ಳುವ ದಾರಿಯನ್ನು ಮುಚ್ಚಿಬಿಡುತ್ತದೆ. ಮಿಶ್ರತಳಿಯೆಂದು ನಂಬಿದ ವಿದ್ಯಾರ್ಥಿ ಅದರ ಮೊಟ್ಟೆ ಎಲ್ಲಿದೆ, ಹುಳು ಏನು ತಿನ್ನುತ್ತದೆ ಎಂದು ಕೇಳುವುದಿಲ್ಲ. ಲೇಸ್‌ವಿಂಗ್‌ನ ಬಂಧುವೆಂದು ತಿಳಿದವನು ತೊಟ್ಟಿನ ಮೇಲಿನ ಮೊಟ್ಟೆಯನ್ನು ಹುಡುಕುತ್ತಾನೆ, ಜೇಡದ ನಡುವನ್ನು ಭೂತಗನ್ನಡಿ ಹಿಡಿದು ನೋಡುತ್ತಾನೆ. ಕುಟುಕುತ್ತದೆಂಬ ಎಚ್ಚರಿಕೆಯಿಂದಾಗುವ ಹಾನಿ ಇನ್ನೂ ನೇರವಾದದ್ದು: ಹೆದರಿದವರು ಕೀಟವನ್ನು ಕೊಲ್ಲುತ್ತಾರೆ.

ಆದ್ದರಿಂದ ಮುಂದಿನ ವಿಜ್ಞಾನ ಪುಟದಲ್ಲಿ, ಸಾಧ್ಯವಾದರೆ ಅದೇ ಚಿತ್ರವನ್ನು ಮತ್ತೊಮ್ಮೆ ಮುದ್ರಿಸಿ, ಅದರಡಿ ಕ್ಲೈಮೇಸಿಯೆಲ್ಲ ಬ್ರುನಿಯ ಎಂಬ ಹೆಸರನ್ನೂ ನ್ಯೂರಾಪ್ಟೆರ ಎಂಬ ಗಣವನ್ನೂ ತಿಳಿಸಿ, ಅದಕ್ಕೆ ಕೊಂಡಿಯಿಲ್ಲವೆಂದು ಸ್ಪಷ್ಟಪಡಿಸಬೇಕೆಂದು ವಿನಂತಿಸುತ್ತೇನೆ. ಇನ್ನೊಂದು ವಾಕ್ಯಕ್ಕೆ ಸ್ಥಳವಿದ್ದರೆ, ರೆಕ್ಕೆಯ ಅಂಚಿನ ಆ ಕಂದು ಪಟ್ಟಿಯತ್ತ ಓದುಗರ ಗಮನ ಸೆಳೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ